ಧಾಟಿ ಗೊತ್ತಾಯಿತು, ಊದುವುದು ಹೇಗೆ?

2022ರ ಜನವರಿಯಲ್ಲಿ ದೆಹಲಿಯ ಬೀಟಿಂಗ್ ರಿಟ್ರೀಟ್‌ನಿಂದ ‘ಅಬೈಡ್ ವಿತ್ ಮಿ’ ಕೈಬಿಟ್ಟು ‘ಏ ಮೇರೆ ವತನ್ ಕೆ ಲೋಗೋ’ ಸೇರಿಸಿದಾಗ ದೊಡ್ಡ ಚರ್ಚೆಯೇ ನಡೆಯಿತು. ಅದೇ ವರ್ಷ ನಮ್ಮ ರಾಜ್ಯ ಸರ್ಕಾರ ನಾಡಗೀತೆಗೆ ಮೈಸೂರು ಅನಂತಸ್ವಾಮಿ ಅವರ ಧಾಟಿಯನ್ನು ಒಪ್ಪಿ, ಎರಡೂವರೆ ನಿಮಿಷದ ಅವಧಿ ಗೊತ್ತುಮಾಡಿತು. ಯಾವ ಹಾಡು, ಯಾರ ಧಾಟಿ ಎಂಬ ವಾದಗಳನ್ನು ಸಾಕಷ್ಟು ಓದಿದ್ದೇನೆ. ಆದರೆ ಅದನ್ನು ವಿದ್ಯಾರ್ಥಿಗಳ ಬ್ಯಾಂಡ್‌ಗೆ ಹೊಂದುವಂತೆ ಬರೆದುಕೊಡುವವರು ಯಾರು ಎಂಬ ಪ್ರಶ್ನೆ ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ಕಾಲೇಜು ಬ್ಯಾಂಡ್‌ನಲ್ಲಿ ಕ್ಲಾರಿನೆಟ್ ಊದುವ ನನಗೆ ಪ್ರತಿ ಆಗಸ್ಟ್‌ನಲ್ಲೂ ಇದೇ ತಲೆನೋವು. ಹಾಡಲೆಂದು ಮಾಡಿದ ಧಾಟಿಯನ್ನು ಇದ್ದಂತೆಯೇ ಊದಲಾಗದು. ಕ್ಲಾರಿನೆಟ್, ಟ್ರಂಪೆಟ್ ಸಾಮಾನ್ಯವಾಗಿ ಬಿ ಫ್ಲ್ಯಾಟ್ ವಾದ್ಯಗಳು. ಆಲ್ಟೊ ಸ್ಯಾಕ್ಸೊಫೋನ್ ಇ ಫ್ಲ್ಯಾಟ್. ಒಂದೇ ಸ್ವರಲಿಪಿಯ ಹಾಳೆಯನ್ನು ಎಲ್ಲರಿಗೂ ಹಂಚಿದರೆ ಅಪಶ್ರುತಿಯೇ ಗತಿ. ಹೊಸಬರಿಗೆ ಮೇಲಿನ ಸ್ವರಗಳು ನಿಲುಕುವುದಿಲ್ಲ. ಹೆಜ್ಜೆ ಹಾಕುತ್ತಾ ಉದ್ದದ ಸಾಲನ್ನು ಒಂದೇ ಉಸಿರಿನಲ್ಲಿ ಮುಗಿಸುವುದೂ ಕಷ್ಟ. ಇದನ್ನು ಬಲ್ಲ ಸಂಯೋಜಕರು ಸಾಲನ್ನು ಎರಡು ವಾದ್ಯಗಳಿಗೆ ಹಂಚುತ್ತಾರೆ, ಉಸಿರಿಗೆ ಜಾಗ ಬಿಡುತ್ತಾರೆ, ಕಲಿಯುವವರಿಗೆ ಸುಲಭದ ಸ್ವರ ಕೊಡುತ್ತಾರೆ.

ಇಂಥ ಕೆಲಸಕ್ಕೆ ನಮ್ಮಲ್ಲೇ ಪರಂಪರೆ ಇದೆ. ಆಜಾದ್ ಹಿಂದ್ ಫೌಜಿನ ಕ್ಯಾಪ್ಟನ್ ರಾಮ್ ಸಿಂಗ್ ಠಾಕೂರಿ ಅವರ ‘ಕದಮ್ ಕದಮ್ ಬಢಾಯೇ ಜಾ’ ಧಾಟಿಯನ್ನು ಸೇನಾ ಬ್ಯಾಂಡ್‌ಗಳು ಇಂದಿಗೂ ನುಡಿಸುತ್ತವೆ. ಕದ್ರಿ ಗೋಪಾಲನಾಥ್ ಅವರು ಸ್ಯಾಕ್ಸೊಫೋನ್‌ಗೆ ಮನಸೋತದ್ದು ಮೈಸೂರು ಅರಮನೆಯ ಬ್ಯಾಂಡ್ ಕೇಳಿ.

ಇದರಲ್ಲಿ ಹೊಟ್ಟೆಪಾಡಿನ ಮಾತೂ ಇದೆ. ಶಾಲಾ ಬ್ಯಾಂಡ್‌ಗಳಿಗೆ ರಾಷ್ಟ್ರಮಟ್ಟದ ಸ್ಪರ್ಧೆ ನಡೆಯುತ್ತದೆ. ವಾಯುಪಡೆ, ನೌಕಾಪಡೆಗಳು ಅಗ್ನಿವೀರ್ ಯೋಜನೆಯಲ್ಲಿ ಸಂಗೀತಗಾರರನ್ನೇ ಪ್ರತ್ಯೇಕವಾಗಿ ಆಯ್ಕೆ ಮಾಡುತ್ತವೆ. 10ನೇ ತರಗತಿ ಪಾಸಾದವರು ಅರ್ಜಿ ಹಾಕಬಹುದು. ಕೆಲಸದ ಅವಧಿ ನಾಲ್ಕೇ ವರ್ಷ, ನಿಜ. ಆದರೂ ಸಿನಿಮಾ ಹಾಡನ್ನು ಕಿವಿಯಲ್ಲೇ ಕಲಿತವರಿಗಿಂತ ಸ್ವರಲಿಪಿ ಓದಬಲ್ಲವರಿಗೆ ಅಲ್ಲಿ ಅನುಕೂಲ ಹೆಚ್ಚು. ಓದಲು ಹಾಳೆಯೇ ಇಲ್ಲದ ಮೇಲೆ ಓದುವುದನ್ನು ಕಲಿಯುವುದೆಲ್ಲಿ?

ಆದ್ದರಿಂದ ಧಾಟಿ ಗೊತ್ತುಮಾಡಿದ ಸರ್ಕಾರ ಇನ್ನೊಂದು ಹೆಜ್ಜೆ ಇಡಲಿ. ಕನ್ನಡದ ಸಂಯೋಜಕರಿಗೆ ಸಂಭಾವನೆ ಕೊಟ್ಟು, ನಾಡಗೀತೆಯನ್ನೂ ಕೆಲವು ದೇಶಭಕ್ತಿ ಗೀತೆಗಳನ್ನೂ ಹೊಸಬರಿಗೊಂದು, ಪಳಗಿದವರಿಗೊಂದು ಹಂತದಲ್ಲಿ ಬರೆಸಲಿ. ಆ ಹಾಳೆಗಳು ಶಾಲಾ ಕಾಲೇಜುಗಳಿಗೆ ಉಚಿತವಾಗಿ ಸಿಗಲಿ. ನಿಂತು ಗೌರವ ಸಲ್ಲಿಸುವುದಷ್ಟೇ ಅಲ್ಲ, ಚೆನ್ನಾಗಿ ನುಡಿಸುವುದೂ ದೇಶಭಕ್ತಿಯೇ.