ಪರ್ಸೆಂಟೇಜು ನಮ್ಮದು, ಟಿಕೆಟ್ಟು ಯಾರದು?



ಪ್ರತಿ ಚುನಾವಣೆಯ ಮರುದಿನ ಪೇಪರಿನವರು ಒಂದೇ ಮಾತು ಬರೀತಾರೆ: ಹಳ್ಳಿಯವರು ಓಟು ಹಾಕಿದರು, ಬೆಂಗಳೂರಿನವರು ಮಲಗಿದರು. ಲೆಕ್ಕ ಸುಳ್ಳಲ್ಲ. 2024ರ ಏಪ್ರಿಲ್ 26ರಂದು ಲೋಕಸಭೆ ಚುನಾವಣೆಯಲ್ಲಿ ಚಿತ್ರದುರ್ಗ ಕ್ಷೇತ್ರದ ನೂರು ಓಟುದಾರರಲ್ಲಿ 73 ಮಂದಿ ಹೋಗಿ ಗುಂಡಿ ಒತ್ತಿದರು. ಅದೇ ದಿನ ಬೆಂಗಳೂರು ಸೆಂಟ್ರಲ್‌ನಲ್ಲಿ 54ರ ಆಸುಪಾಸು. ಶೇಂಗಾ ಕೈಕೊಟ್ಟ ವರ್ಷ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ದೇವಸಮುದ್ರದ ಕಡೆಯ ಜನ ಎರಡು ದಿನದ ಕೂಲಿ ಬಿಟ್ಟು ಬಂದು ಬಿಸಿಲಲ್ಲಿ ಸಾಲು ನಿಲ್ತಾರೆ. ಅವರು ಕಟ್ಟಿದ ಅಪಾರ್ಟ್‌ಮೆಂಟಿನಲ್ಲಿ ಇರೋರು ರಜಾ ಸಿಕ್ಕಿತು ಅಂತ ಊರು ಬಿಟ್ಟು ಹೋಗ್ತಾರೆ.

ಈ ಹೊಗಳಿಕೆ ನಮಗೆ ಸಾಕಾಗಿದೆ. ಸಾಲಿನಲ್ಲಿ ಎಷ್ಟು ಜನ ನಿಂತರು ಅಂತ ಎಣಿಸುವವರು, ಮಿಷಿನ್ ಮೇಲಿನ ಹೆಸರುಗಳನ್ನು ಯಾರು ಆರಿಸಿದರು ಅಂತ ಒಂದು ದಿನವೂ ಕೇಳಲಿಲ್ಲ.

ದೇವಸಮುದ್ರ ಹೋಬಳಿಯವರ ಎರಡು ಓಟೂ ಮೀಸಲು ಕ್ಷೇತ್ರಕ್ಕೇ ಬೀಳುತ್ತವೆ. ಮೊಳಕಾಲ್ಮೂರು ವಿಧಾನಸಭೆ ಸೀಟು ಪರಿಶಿಷ್ಟ ಪಂಗಡಕ್ಕೆ, ಚಿತ್ರದುರ್ಗ ಲೋಕಸಭೆ ಸೀಟು ಪರಿಶಿಷ್ಟ ಜಾತಿಗೆ. ಇನ್ನೇನು ಬೇಕು ಅಂತೀರಾ? ನೋಡಿ. 2013ರಲ್ಲಿ ಇಲ್ಲಿ ಗೆದ್ದವರು ಬಿಎಸ್‌ಆರ್ ಕಾಂಗ್ರೆಸ್ಸಿನ ಎಸ್. ತಿಪ್ಪೇಸ್ವಾಮಿ. 2018ರಲ್ಲಿ ಬಿಜೆಪಿ ಬಳ್ಳಾರಿಯಿಂದ ಶ್ರೀರಾಮುಲು ಅವರನ್ನು ತಂದು ನಿಲ್ಲಿಸಿತು. ಅವರು ಬಾದಾಮಿಯಲ್ಲೂ ನಿಂತರು. ಅಲ್ಲಿ ಸಿದ್ದರಾಮಯ್ಯನವರೆದುರು ಸೋತರು, ಇಲ್ಲಿ ಗೆದ್ದರು. ನಮ್ಮದು ಅವರಿಗೆ ಇರಲಿ ಅಂತ ಹಾಸಿಟ್ಟ ಎರಡನೇ ಚಾಪೆ! 2023ಕ್ಕೆ ಅವರು ಬಳ್ಳಾರಿ ಗ್ರಾಮಾಂತರಕ್ಕೆ ವಾಪಸ್ ಹೋದರು. ಹಿಂದೆ ಇಲ್ಲೇ ಶಾಸಕರಾಗಿದ್ದ ಎನ್.ವೈ. ಗೋಪಾಲಕೃಷ್ಣ 2018ರಲ್ಲಿ ಬಿಜೆಪಿಯಿಂದ ಕೂಡ್ಲಿಗಿಯಲ್ಲಿ ಗೆದ್ದಿದ್ದರು. 2023ರಲ್ಲಿ ಕಾಂಗ್ರೆಸ್ ಬಾವುಟ ಹಿಡಿದು ಬಂದು ಇಲ್ಲಿ ಗೆದ್ದರು. ಎದುರಿಗೆ ಬಿಜೆಪಿಯಿಂದ ನಿಂತವರು ಅದೇ ತಿಪ್ಪೇಸ್ವಾಮಿ. ಸ್ಕೂಲ್ ಡೇ ದಿನ ಕುರ್ಚಿ ಸುತ್ತ ಓಡುವ ಆಟ ಇದು. ಹಾಡು ನಿಲ್ಲಿಸುವವರು ಮಾತ್ರ ಬೆಂಗಳೂರು, ದಿಲ್ಲಿಯಲ್ಲಿ ಕೂತಿರ್ತಾರೆ.

ಲೋಕಸಭೆಗೆ 2019ರಲ್ಲಿ ಆನೇಕಲ್‌ನ ಎ. ನಾರಾಯಣಸ್ವಾಮಿ, 2024ರಲ್ಲಿ ಮುಧೋಳದ ಗೋವಿಂದ ಕಾರಜೋಳ. ಹೊರಗಿನವರು ಅಂತ ನಮಗೆ ದ್ವೇಷವಿಲ್ಲ, ಅವರೂ ನಮ್ಮವರೇ. 2019ರ ಸೆಪ್ಟೆಂಬರ್‌ನಲ್ಲಿ ಇದೇ ಲೋಕಸಭಾ ಕ್ಷೇತ್ರದ ಪಾವಗಡ ತಾಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ನಾರಾಯಣಸ್ವಾಮಿಯವರನ್ನು ಜಾತಿ ನೋಡಿ ಹೊರಗೇ ತಡೆದರು. ಆ ಅವಮಾನ ನಮಗೂ ತಟ್ಟಿದೆ. ನಾವು ಕೇಳುವುದು ಇಷ್ಟೇ: ಈ ಹೆಸರು ಆರಿಸುವಾಗ ದೇವಸಮುದ್ರದ ಕೇರಿಯಲ್ಲಿ ಯಾರನ್ನಾದರೂ ಒಂದು ಮಾತು ಕೇಳಿದರಾ?

ಕೇಳುವ ಪದ್ಧತಿ ಒಂದು ಕಾಲಕ್ಕೆ ಕಾಗದದ ಮೇಲಾದರೂ ಇತ್ತು. 1932ರ ಪೂನಾ ಒಪ್ಪಂದದಲ್ಲಿ ಬಾಬಾಸಾಹೇಬರು ಪ್ರತ್ಯೇಕ ಮತಕ್ಷೇತ್ರ ಬಿಟ್ಟುಕೊಡಬೇಕಾಯಿತು. ಆದರೆ ಮೀಸಲು ಸೀಟಿಗೆ ಮೊದಲು ನಮ್ಮ ಓಟುದಾರರು ಮಾತ್ರ ಸೇರಿ ನಾಲ್ಕು ಜನರನ್ನು ಆರಿಸಬೇಕು, ಆಮೇಲೆ ಎಲ್ಲರೂ ಸೇರಿ ಆ ನಾಲ್ವರಲ್ಲಿ ಒಬ್ಬರಿಗೆ ಓಟು ಹಾಕಬೇಕು ಅಂತ ಬರೆಸಿದರು. ಸಂವಿಧಾನದಲ್ಲಿ ಆ ಮೊದಲ ಮೆಟ್ಟಿಲು ಉಳಿಯಲಿಲ್ಲ. ಸೀಟು ನಮಗೆ ಉಳೀತು, ಆರಿಸುವ ಕೆಲಸ ಪಕ್ಷಗಳ ಕೈಗೆ ಹೋಯಿತು. ಇವತ್ತಿನ ಹೈಕಮಾಂಡ್ ಅಂದರೆ ಆ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತವರು.

ಅಮೆರಿಕದಲ್ಲಿ ಅಲಬಾಮಾ ಅಂತ ಒಂದು ರಾಜ್ಯ. ಅದರಲ್ಲಿ ಲೌಂಡ್ಸ್ ಕೌಂಟಿ, ಕೌಂಟಿ ಅಂದರೆ ನಮ್ಮ ತಾಲೂಕು ಜಿಲ್ಲೆಯ ಹಾಗೆ. ಹತ್ತಿ ಬೆಳೆಯುವ ಸೀಮೆ. ನೂರಕ್ಕೆ 80ರಷ್ಟು ಜನ ಕರಿಯರು. 1965ರ ಆರಂಭದಲ್ಲಿ ಓಟರ್ ಲಿಸ್ಟಿನಲ್ಲಿ ಒಬ್ಬ ಕರಿಯನ ಹೆಸರೂ ಇರಲಿಲ್ಲ. ಹೆಸರು ಬರೆಸಿದವರನ್ನು ಧಣಿಗಳು ಹೊಲ ಮನೆ ಬಿಡಿಸಿ ಓಡಿಸಿದರು. ಅವರು ರಸ್ತೆ ಪಕ್ಕ ಟೆಂಟು ಹಾಕಿಕೊಂಡು ಬದುಕಿದರು. ಅಲ್ಲಿಗೆ ಹೋಗಿ ಸಂಘಟನೆ ಮಾಡಿದವರು ಸ್ಟೋಕ್ಲಿ ಕಾರ್ಮೈಕೇಲ್ ಮತ್ತು ಅವನ ಜೊತೆಯ ವಿದ್ಯಾರ್ಥಿ ಸಂಘಟನೆಯ ಹುಡುಗರು, ನಿಮ್ಮಂಥ ಹುಡುಗರು. ಆ ರಾಜ್ಯದ ಡೆಮಾಕ್ರಟಿಕ್ ಪಕ್ಷದ ಗುರುತು ಹುಂಜ, ಜೊತೆಗೆ ಬಿಳಿಯರೇ ಮೇಲು ಅನ್ನುವ ಘೋಷಣೆ. ಅವರ ಬಾಗಿಲಲ್ಲಿ ಟಿಕೆಟ್ಟಿಗೆ ಕಾಯುವುದು ಬೇಡ ಅಂತ ಲೌಂಡ್ಸ್‌ನ ಜನ ಸ್ವಂತ ಪಕ್ಷ ಕಟ್ಟಿದರು. ಓದು ಬಾರದವರಿಗೂ ಗೊತ್ತಾಗುವಂತೆ ಕಪ್ಪು ಚಿರತೆಯ ಗುರುತು ಇಟ್ಟರು. 1966ರ ಮೇ 3ರಂದು ಚರ್ಚಿನ ಹತ್ತಿರ ಸೇರಿ, ತಮ್ಮ ಕ್ಯಾಂಡಿಡೇಟುಗಳನ್ನು ತಾವೇ ಆರಿಸಿದರು.

ನವೆಂಬರ್‌ನಲ್ಲಿ ಅಷ್ಟೂ ಜನ ಸೋತರು. ಧಣಿಗಳು ತಮ್ಮ ಕೂಲಿಗಳನ್ನು ಗಾಡಿಯಲ್ಲಿ ತುಂಬಿ ತಂದು ಬಿಳಿಯರಿಗೆ ಓಟು ಹಾಕಿಸಿದ್ದರು. ಟೆಂಪೋ ರಾಜಕೀಯ ನಮ್ಮ ಸ್ವಂತ ಆಸ್ತಿ ಅಂದುಕೊಂಡಿದ್ದೆವು! ಆದರೆ 1970ರಲ್ಲಿ ಅವರವನೇ ಜಾನ್ ಹ್ಯೂಲೆಟ್ ಶೆರೀಫ್ ಆದ, ಅಂದರೆ ಪೊಲೀಸ್ ಯಜಮಾನ. ಅವರ ಚಿರತೆ ಓಕ್‌ಲ್ಯಾಂಡಿನ ಬ್ಲ್ಯಾಕ್ ಪ್ಯಾಂಥರ್ಸ್ ಕೈಗೆ ಬಂತು, 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್‌ಗೂ ಹೆಸರು ಕೊಟ್ಟಿತು.

ನಾವು ನಾಳೆಯೇ ಪಕ್ಷ ಕಟ್ಟಿ ಅಂತ ಹೇಳ್ತಿಲ್ಲ. ಮೊದಲು ಲೆಕ್ಕ ಕಲಿಯಿರಿ. ಫಾರಂ 20 ಅಂತ ಒಂದು ಕಾಗದವಿದೆ. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಓಟು ಬಿತ್ತು ಅನ್ನುವುದೆಲ್ಲ ಅದರಲ್ಲಿರುತ್ತೆ. ಹಿಂದೆ ಬ್ಯಾಲೆಟ್ ಕಾಲದಲ್ಲಿ ಹಲವು ಬೂತಿನ ಚೀಟಿ ಬೆರೆಸಿ ಎಣಿಸುವುದಿತ್ತು. ಈಗ ಮಿಷಿನ್ ಒಂದೊಂದೇ ಬಿಚ್ಚುತ್ತಾರೆ. ಹೀಗಾಗಿ ಕೇರಿಯ ಓಟು ಎತ್ತ ಹೋಯಿತು ಅಂತ ಊರ ಗೌಡನಿಗೆ ಸಂಜೆಯೊಳಗೆ ಗೊತ್ತಾಗುತ್ತೆ; ಆಮೇಲೆ ಬೋರ್‌ವೆಲ್ಲು, ಮನೆ ಮಂಜೂರಾತಿ ಎಲ್ಲಿ ನಿಲ್ಲುತ್ತವೋ ನೀವೇ ಬಲ್ಲಿರಿ. ಓಟು ಬೆರೆಸಿ ಎಣಿಸುವ ಯಂತ್ರ ತನ್ನಿ ಅಂತ ಕಾನೂನು ಆಯೋಗವೇ 2015ರಲ್ಲಿ ಹೇಳಿತು. ತರಲಿಲ್ಲ. ಅವರು ಓದುವ ಕಾಗದವನ್ನು ನಾವೂ ಓದೋಣ. ಯಾವ ಕೇರಿಯಲ್ಲಿ ಎಷ್ಟು ಓಟಿದೆ ಅಂತ ಪಟ್ಟಿ ಕೈಯಲ್ಲಿ ಹಿಡಿದು ಹೋದವನಿಗೆ ಟಿಕೆಟ್ ಹಂಚುವವರು ಕುರ್ಚಿ ಕೊಡ್ತಾರೆ, ಬರಿಗೈಯವನಿಗೆ ಟೀ ಕೊಟ್ಟು ಕಳಿಸ್ತಾರೆ.

ಇನ್ನೊಂದು. ಹಾಸ್ಟೆಲಿನಲ್ಲಿ ಓದುವವರು ಹಾಸ್ಟೆಲ್ ವಿಳಾಸದಲ್ಲೂ ಹೆಸರು ಬರೆಸಬಹುದು, ಊರಿನಲ್ಲೇ ಉಳಿಸಿಕೊಳ್ಳಲೂಬಹುದು. ಎರಡೂ ಕಡೆ ಆಗಲ್ಲ. ಊರಿನಲ್ಲೇ ಇರಲಿ ಅಂತ ನಮ್ಮ ಅಭಿಪ್ರಾಯ. ದಾವಣಗೆರೆಯಲ್ಲಿ ನಿಮ್ಮದು ಲಕ್ಷದಲ್ಲಿ ಒಂದು ಓಟು, ನಿಮ್ಮ ಬೂತಿನಲ್ಲಿ ಕೆಲವು ನೂರರಲ್ಲಿ ಒಂದು. ಮುಂದಿನ ಮೀಟಿಂಗಿಗೆ ಬರುವಾಗ ನಿಮ್ಮ ಬೂತಿನ ನಂಬರು, 2018 ಮತ್ತು 2023ರ ಎರಡೂ ಲೆಕ್ಕ ಬರೆದುಕೊಂಡು ಬನ್ನಿ.