ನುಡಸಾವ್ರು ಯಾರು, ಅದನ್ನ ಮೊದ್ಲ ಹೇಳ್ರಿ

ಹಳೇ ಸಾಮಾನು ಕಂಡ್ರ ನಮ್ಮ ಮಂದಿಗೆ ಎರಡ ಮಾತು ಬರ್ತಾವ. ಒಂದು, "ಇದು ವಿಂಟೇಜ್, ಬಿಡಬಾರದು." ಇನ್ನೊಂದು, "ಇದು ಕಸ, ಮುಟ್ಟಬಾರದು." ಹದಿನೈದು ದಿವಸದಿಂದ ನಮ್ಮ ಮನ್ಯಾಗ ಇವೆರಡೂ ಮಾತು ಕೇಳಿ ಕೇಳಿ ನನಗ ಸಾಕಾಗ್ಯದ. ಎರಡೂ ತಪ್ಪು ಅಂತ ಹೇಳ್ಲಿಕ್ಕೇ ಇವತ್ತ ಬರೀಲಿಕ್ಕೆ ಕೂತೀನಿ.

ಸಂಗತಿ ಇಷ್ಟ. ನಾವಿರೂದು ನ್ಯೂ ಜೆರ್ಸಿಯೊಳಗ. ನಮ್ಮ ಓಣ್ಯಾಗಿನ ಅಜ್ಜಾರೊಬ್ಬರು ಮನಿ ಖಾಲಿ ಮಾಡಿ ಮಗಳ ಊರಿಗೆ ಹೊಂಟಾರ. ಅವರ ಬೇಸ್‌ಮೆಂಟಿನಾಗ ಒಂದು ಇಲೆಕ್ಟ್ರಿಕ್ ಗಿಟಾರ್ ಅದ. ಸಿಲ್ವರ್‌ಟೋನ್, 1960ರ ದಶಕದ್ದು, ಪೆಟಗಿಯೊಳಗ ಆಂಪ್ಲಿಫೈಯರ್ ಕೂಡಿಸಿದ ಮಾಡೆಲ್. ತಂತಿ ತುಕ್ಕು ಹಿಡದಾವ, ಒಂದು ನಾಬ್ ಇಲ್ಲ, ಪೆಟಗಿ ತೆಗದ್ರ ಮುಗ್ಗು ವಾಸನಿ. 350 ಡಾಲರ್ ಕೇಳ್ಯಾರ. ನಮ್ಮ ಮಗಳಿಗೆ 14 ವರ್ಷ. ಎರಡು ವರ್ಷದಿಂದ ಸಾಲ್ಯಾಗ ಕೊಟ್ಟ ಗಿಟಾರ್ ಮ್ಯಾಲೆ ಕಲೀಲಿಕತ್ತಾಳ. ಆಕಿಗೆ ಇದು ಬೇಕಂತ.

ನಮ್ಮ ಮನಿಯವ್ರ ಗೆಳ್ಯಾರೊಬ್ಬರು ಕಣ್ಣ ಮುಚ್ಚಿ ತಗೋರಿ ಅಂತಾರ. "ಬಣ್ಣಾ ಹೊಡಸಿ, ಹೊಸಾ ಪಾರ್ಟ್ ಹಾಕಿಸಿ, ಐದು ವರ್ಷ ಇಟ್ಟು ಮಾರಿದ್ರ ಎರಡು ಪಟ್ಟು ರೊಕ್ಕ." ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಸೂದು ಅಂದ್ರ ಇದ ನೋಡ್ರಿ. 1959ರ ಗಿಬ್ಸನ್ ಲೆಸ್ ಪಾಲ್ ಲಕ್ಷಗಟ್ಟಲೆ ಡಾಲರಿಗೆ ಹೋಗ್ತದ, ಖರೆ. ಅದನ್ನ ಕೇಳಿ ಹಳೇದೆಲ್ಲಾ ಬಂಗಾರ ಅಂತ ತಿಳಕೊಂಡಾರ. ಸಿಲ್ವರ್‌ಟೋನ್ ಅನ್ನೂದು ಸಿಯರ್ಸ್ ಅಂಗಡಿಯವರು ಇಟ್ಟ ಹೆಸರು. ಇಲ್ಲಿ ಸಂಸಾರಸ್ಥರು ಕ್ಯಾಟಲಾಗ್ ನೋಡಿ ಅರವಿ, ವಾಷಿಂಗ್ ಮಷೀನ್ ತರಸ್ಕೋತಿದ್ರಲ್ಲ, ಅದ ಕ್ಯಾಟಲಾಗಿನಾಗ ಈ ಗಿಟಾರೂ ಇರ್ತಿದ್ವು. ಪೆಟಗಿಯೊಳಗ ಆಂಪ್ ಇದ್ದ ಈ ಮಾಡೆಲ್ ಮಾಡಿ ಕೊಡ್ತಿದ್ದದ್ದು ನೇಥನ್ ಡೇನಿಯಲ್ ಅನ್ನವ್ರ ಡೇನಲೆಕ್ಟ್ರೋ ಕಂಪನಿ, ಇದ ನ್ಯೂ ಜೆರ್ಸಿಯೊಳಗ. ಮೈಗೆ ಒಳ್ಳೇ ಕಟಗಿ ಇಲ್ಲ. ಕಟಗಿ ಚೌಕಟ್ಟಿನ ಮ್ಯಾಲೆ ಮೇಸೋನೈಟ್, ಅಂದ್ರ ಕಟಗಿ ನಾರು ಒತ್ತಿ ಮಾಡಿದ ಹಲಗಿ, ಬಡದಿರ್ತಾರ. ಪಿಕಪ್ಪಿನ ಆಯಸ್ಕಾಂತ ಕೂಡಿಸಿದ್ದು ಲಿಪ್‌ಸ್ಟಿಕ್ ತುಂಬೂ ಕೊಳವ್ಯಾಗ! ರೊಕ್ಕ ಇಲ್ಲದ ಮನಿ ಹುಡುಗ್ರೂ ನುಡಸಲಿ ಅನ್ನೂ ಹಂಗ ಅಗ್ಗಾ ಮಾಡಿದ್ದ ವಸ್ತು ಅದು. 1966ರಾಗ ಕಂಪನಿ ಎಮ್‌ಸಿಎ ಅವರಿಗೆ ಮಾರಾಟ ಆತು, 1969ರಾಗ ಬಾಗಲಾ ಹಾಕಿತು. ಇಂಥಾದ್ದನ್ನ ತಂದು ಕಪಾಟಿನಾಗಿಟ್ಟು ಬಡ್ಡಿ ಎಣಸ್ತೀನಿ ಅನ್ನೂದು ಆ ಗಿಟಾರಿಗೂ ಮರ್ಯಾದಿ ಅಲ್ಲ, ನಮಗೂ ಅಲ್ಲ. ಮ್ಯಾಲೆ ಬಣ್ಣಾ ಬ್ಯಾರೆ ಹೊಡಸ್ತಾರಂತ! ಹಳೇ ಗಿಟಾರಿನ ಮೂಲ ಬಣ್ಣಾ ಕೆರದ್ರ ಬೆಲಿ ಏರೂದಲ್ಲ, ಇಳೀತದ. ಲಾಭದ ಲೆಕ್ಕಾ ಹಾಕಾವ್ರಿಗೇ ಲಾಭದ ಮೊದಲನೇ ಪಾಠ ಗೊತ್ತಿಲ್ಲ.

ಇನ್ನ ಕಸ ಅನ್ನಾವ್ರು. ಇವರಾಗ ನಮ್ಮ ಮನಿಯವ್ರ ಮೊದಲನೇದವ್ರು. "300 ಡಾಲರಿಗೆ ಹೊಸಾದು ಬರ್ತದ, ಮುಗೀತು." ಬರ್ತದ್ರೀ, ಛಲೋನೂ ಇರ್ತದ. ಆದ್ರ ಮುರದದ್ದು ಅಂದ್ಕೂಡ್ಲೆ ಕಸ ಅನ್ನೂದು ಯಾವ ನ್ಯಾಯ? ಈ ಗಿಟಾರಿನ ಕುತಗಿ ಅಂಟಿಸಿದ್ದಲ್ಲ, ಸ್ಕ್ರೂ ಹಾಕಿದ್ದು, ಬಿಚ್ಚಿ ಕೂಡಸಬಹುದು. ಒಳಗಿನ ವೈರು ಬೆರಳಿನ್ಯಾಗ ಎಣಸಬಹುದು. ಸೋಲ್ಡರ್ ಮಾಡ್ಲಿಕ್ಕೆ ಬಂದ್ರ ಅಡಗಿಮನಿ ಟೇಬಲ್ ಮ್ಯಾಲೆ ದುರಸ್ತಿ ಆಗ್ತದ. ಜಿಮ್ಮಿ ಪೇಜ್ ಹಂಥಾವ್ರು ಡೇನಲೆಕ್ಟ್ರೋ ಹಿಡಕೊಂಡು ಸ್ಟೇಜ್ ಮ್ಯಾಲೆ ನುಡಸ್ಯಾರ. ಅಗ್ಗದ್ದು ಅಂದ್ರ ನಿಕೃಷ್ಟ ಅಲ್ಲ.

ನಾ ಕೇಳೂದು ಒಂದ ಪ್ರಶ್ನಿ. ನುಡಸಾವ್ರು ಯಾರು? ಧಾರವಾಡದ ನಮ್ಮ ತವರುಮನ್ಯಾಗ ಮಿರಜದಿಂದ ತಂದ ತಂಬೂರಿ ಒಂದಿತ್ತು. ಹೊಲಿಗಿ ಹಾಕಿಸಿದ ಗವಸಣಗಿ ಒಳಗ, ಮೂಲ್ಯಾಗ. ಬಂದ ಮಂದಿಗೆಲ್ಲಾ "ನಮ್ಮ ಅಜ್ಜನ ಕಾಲದ್ದು" ಅಂತ ತೋರಸ್ತಿದ್ರು. ಹಾಡಾವ್ರು ಮನ್ಯಾಗ ಯಾರೂ ಇರ್ಲಿಲ್ಲ. ಜವಾರಿ ತೆಗಸಾವ್ರಿಲ್ಲ, ತಂತಿ ಬದಲಸಾವ್ರಿಲ್ಲ. ಓಣ್ಯಾಗ ಹಾಡು ಕಲಿಯೂ ಹುಡುಗಿ ಕೇಳಿದ್ರ ಕೊಡ್ಲಿಲ್ಲ, "ಹಳೇ ವಸ್ತು, ಮನ್ಯಾಗ ಇರ್ಲಿ" ಅಂದ್ರು. ಒಂದು ಬ್ಯಾಸಗಿಯೊಳಗ ಕುಂಬಳಕಾಯಿ ಸೀಳಿತು. ಅದು ಹಾಳಾದದ್ದು ಹಳೇದಾಗಿದ್ದಕ್ಕಲ್ಲ, ಯಾರೂ ಮುಟ್ಟದ ಇದ್ದದ್ದಕ್ಕ. ಈ ಗಿಟಾರಿನ ಕಥಿನೂ ಅದ. ಅದರ ಮ್ಯಾಲೆ ಕನಿಕರ ಬಂತು ಅಂತ ತಂದು ನಮ್ಮ ಬೇಸ್‌ಮೆಂಟಿನಾಗ ಇಟ್ರ, ಒಂದು ಕತ್ತಲಿಯಿಂದ ಇನ್ನೊಂದು ಕತ್ತಲಿಗೆ ಹಾಕಿದಂಗಾತು.

ನುಡಸಾಕಿ ಇದ್ದಾಳ ಅಂದ್ಕೋರಿ. ಆಗ ಎರಡನೇ ಪ್ರಶ್ನಿ: ನುಡಸೂ ಹಂಗ ಅದನೋ ಇಲ್ಲೋ? ಈಗಿನ ಬಹಳ ಗಿಟಾರಿನ ಕುತಗಿಯೊಳಗ ತಿರುವಿ ಸರಿಮಾಡೂ ಸರಳು ಇರ್ತದ. ಇದರೊಳಗ ಇರೂದು ಬರೇ ಉಕ್ಕಿನ ಪಟ್ಟಿ, ತಿರುವ್ಲಿಕ್ಕೆ ಬರೂದಿಲ್ಲ. ಕುತಗಿ ಬಾಗಿತ್ತಂದ್ರ ದುರಸ್ತಿ ಗಿಟಾರಿಗಿಂತ ತುಟ್ಟಿ. ಅದಕ್ಕ ಲಟ್ಟಣಗಿ ಸೊಟ್ಟ ಅದನೋ ಅಂತ ಒಂದು ಕಣ್ಣು ಮುಚ್ಚಿ ನೋಡ್ತೀವಲ್ಲ, ಹಂಗ ತುದಿಯಿಂದ ಉದ್ದಕ್ಕ ನೋಡಬೇಕು. ಮೇಸೋನೈಟಿಗೆ ನೀರು ಆಗೂದಿಲ್ಲ, ಅಂಚು ಉಬ್ಬ್ಯಾವನೋ ಒತ್ತಿ ನೋಡಬೇಕು. ಪಿಕಪ್ಪಿಗೆ ಮಲ್ಟಿಮೀಟರ್ ಹಚ್ಚಿದ್ರ ಸುಮಾರು 4-5 ಕಿಲೋ-ಓಮ್ ತೋರಸಬೇಕು. ಏನೂ ತೋರಸಲಿಲ್ಲಂದ್ರ ಒಳಗ ತಂತಿ ಹರದದ.

ಆಂಪನ್ನ ಮಾತ್ರ "ಹಚ್ಚಿ ನೋಡೂಣು" ಅಂತ ಪ್ಲಗ್ಗಿಗೆ ಹಾಕಬ್ಯಾಡ್ರಿ. ಆ ಕಾಲದ ಅಗ್ಗದ ಕೆಲವು ಆಂಪುಗಳಿಗೆ ಪವರ್ ಟ್ರಾನ್ಸ್‌ಫಾರ್ಮರೇ ಇರ್ತಿರ್ಲಿಲ್ಲ. ಎರಡ ಕಡ್ಡಿ ಪ್ಲಗ್ಗು ಬ್ಯಾರೆ. ಗಿಟಾರ್ ತಂತಿ ಮುಟ್ಟಿದಾಕಿಗೇ ಕರೆಂಟ್ ಹೊಡೀಬಹುದು. ಪ್ಲಗ್ ತಗದ ಮ್ಯಾಲೂ ಕೆಪ್ಯಾಸಿಟರಿನಾಗ ವಿದ್ಯುತ್ ಉಳದಿರ್ತದ. ಗೊತ್ತಿದ್ದವ್ರ ಕಡೆ ಹೊಸಾ ಕೆಪ್ಯಾಸಿಟರ್, ಮೂರು ಕಡ್ಡಿ ಪ್ಲಗ್, ಬೇಕಾದ್ರ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿಸಿದ ಮ್ಯಾಲೇ ಆಕಿ ಕೈಗೆ.

ಲೆಕ್ಕಾನೂ ನಾನ ಹಾಕೀನಿ. ದುರಸ್ತಿಯವ್ರನ್ನ ವಿಚಾರಸಿದೆ. ತಂತಿ ಬದಲಿ, ಸೆಟಪ್ಪಿಗೆ 90 ಡಾಲರ್. ಆಂಪಿಗೆ 150. ಫ್ರೆಟ್ ಸವದಿದ್ರ ಮತ್ತ 350. ಅಂದ್ರ ಫ್ರೆಟ್ ಛಲೋ ಇದ್ರೂ 590, ಇಲ್ಲಾಂದ್ರ 940. ಅದಕ್ಕ ನಾ ಅಜ್ಜಾರಿಗೆ 200 ಅಂತೀನಿ, 250ಕ್ಕಿಂತ ಮ್ಯಾಲೆ ಒಂದು ಪೈಸಾ ಇಲ್ಲ. ಇದು ಜಿಪುಣತನ ಅಲ್ರೀ. ದುರಸ್ತಿ ಖರ್ಚು ಸಾಮಾನಿನ ಬೆಲಿಯೊಳಗ ಕಳಿಯಲಿಲ್ಲಂದ್ರ, ತಂದ ಉತ್ಸಾಹ ಮೂರು ತಿಂಗಳಿಗೆ ಇಳದು, ಅರ್ಧಾ ಬಿಚ್ಚಿದ ಗಿಟಾರ್ ನಮ್ಮ ಗ್ಯಾರೇಜಿನ ಅರ್ಧಾ ಬಿಚ್ಚಿದ ಸೈಕಲ್ಲಿನ ಬಾಜೂಕ ಕೂಡ್ತದ. ಸೈಕಲ್ ಯಾರದು ಅಂತ ನಾ ಹೇಳೂದಿಲ್ಲ, ಅವರಿಗೆ ಗೊತ್ತದ.

ರೊಕ್ಕದಕಿಂತ ಮುಖ್ಯ ಲೆಕ್ಕಾ ಇನ್ನೊಂದದ. ಆ ಸ್ಕ್ರೂ ಬಿಚ್ಚೂ ಹೊತ್ತಿನ್ಯಾಗ ಮಗಳೂ ಬಾಜೂಕ ಕೂಡಬೇಕು. ವೈರು ಎಲ್ಲಿಂದ ಎಲ್ಲಿಗೆ ಹೋಗ್ತದ, ದನಿ ಹೆಂಗ ಬರ್ತದ ಅನ್ನೂದು ಆಕಿಗೆ ತಿಳೀಬೇಕು. ಅಪ್ಪ ಒಬ್ಬನ ಗ್ಯಾರೇಜಿನಾಗ ಬಾಗಲಾ ಹಾಕ್ಕೊಂಡು ಮಾಡೂದಾದ್ರ, ಹೊಸಾದ ತಂದು ಕೊಡ್ರಿ, ಆಕಿ ಅಷ್ಟು ದಿವಸ ಕಾಯೂದು ತಪ್ತದ.

ಹಿಂಗಾಗಿ ನನ್ನ ತೀರ್ಪು ಅಡ್ಡಗೋಡಿ ಮ್ಯಾಲೆ ದೀಪ ಇಟ್ಟಂಗ ಇಲ್ಲ. ಕುತಗಿ ನೆಟ್ಟಗದ, ಬೆಲಿ 250ರೊಳಗದ, ಮಗಳು ದಿನಾ ನುಡಸ್ತಾಳ, ಈ ಮೂರೂ ಹೌದಾದ್ರ ತರೂಣು. ತಂತಿ, ವೈರು, ಕರೆಂಟಿನ ಭದ್ರತಾ ಇಷ್ಟ ಮಾಡೂಣು, ಕೆರದ ಬಣ್ಣಾ ಹಂಗ ಇರ್ಲಿ. ಮೂರರಾಗ ಒಂದು ಇಲ್ಲಾಂದ್ರೂ, ನುಡಸಾವ್ರು ಯಾರರೆ ಬಂದು ತಗೊಂಡು ಹೋಗಲಿ ಬಿಡ್ರಿ.