ಗಲ್ಲಿಯ ದನಿಗೆ ಕಿವಿಗೊಡೋಣ

ಮುಚ್ಚಿದ ಕೋಣೆಯೊಳಗಿಂದ ತಾಳಬದ್ಧ ಮಾತಿನ ಅಬ್ಬರ ಕೇಳಿಬರುತ್ತದೆ. ಹೊರಗೆ ಜಪಸರ ಹಿಡಿದು ಕುಳಿತ ಅಜ್ಜಿಗೆ ಅದು ಹಾಡೋ ಜಗಳವೋ ತಿಳಿಯದು. ‘ಇದೂ ಒಂದು ಸಂಗೀತವೇ, ಸ್ವಾಮಿ?’ ಎಂದು ಪಾಲಕರು ನಮ್ಮನ್ನು ಕೇಳುವುದುಂಟು. ಪ್ರಶ್ನೆ ಸಹಜವಾದುದೇ. ಆದರೆ ತೀರ್ಪು ನೀಡುವ ಮುನ್ನ ಆಲಿಸುವುದು ನ್ಯಾಯ.

‘ಡಿವೈನ್’ ಎಂಬ ಹೆಸರಿನಿಂದ ಪ್ರಸಿದ್ಧರಾಗಿರುವ ರ‍್ಯಾಪ್ ಗಾಯಕ ವಿವಿಯನ್ ಫರ್ನಾಂಡಿಸ್ ಅವರನ್ನೇ ನೋಡೋಣ. ಮುಂಬಯಿಯ ಅಂಧೇರಿ ಪೂರ್ವದ ಜೆ.ಬಿ. ನಗರದಲ್ಲಿ, ಕ್ರೈಸ್ತ ಮನೆಯೊಂದರಲ್ಲಿ, ಅಜ್ಜಿಯ ಆಸರೆಯಲ್ಲಿ ಬೆಳೆದವರು ಇವರು. ಮೊದಲು ಇಂಗ್ಲಿಷಿನಲ್ಲಿ ಹಾಡುತ್ತಿದ್ದವರು ಬಳಿಕ ತಮ್ಮ ಬೀದಿಯ ಹಿಂದಿಯನ್ನೇ ಆರಿಸಿಕೊಂಡರು. 2013ರ ‘ಯೇ ಮೇರಾ ಬಾಂಬೆ’ ಹಾಡಿನ ವಿಡಿಯೋದಲ್ಲಿ ಕಾಣುವುದು ಅರಮನೆಯಲ್ಲ, ವಿದೇಶದ ಹಿಮಗಿರಿಯೂ ಅಲ್ಲ. ಮುಂಬಯಿಯ ಬೀದಿ ಮತ್ತು ಅಲ್ಲಿ ದುಡಿದು ಬದುಕುವ ಜನ.

2015ರಲ್ಲಿ ‘ಮೇರೆ ಗಲ್ಲಿ ಮೇ’ ಹಾಡು ಬಂದಿತು. ಅದರಲ್ಲಿ ಇವರೊಡನೆ ದನಿಗೂಡಿಸಿದವರು ಕುರ್ಲಾದ ನಾವೇದ್ ಶೇಖ್, ಅಂದರೆ ನೇಝಿ. ಈ ನೇಝಿಯವರು 2014ರಲ್ಲಿ ತಮ್ಮ ‘ಆಫತ್’ ಹಾಡನ್ನು ಧ್ವನಿಮುದ್ರಿಸಿ ಚಿತ್ರೀಕರಿಸಿದ್ದು ತಂದೆ ಕೊಟ್ಟಿದ್ದ ಒಂದು ಐಪ್ಯಾಡಿನಿಂದ. ಸ್ಟುಡಿಯೋ ಇಲ್ಲವೆಂದು ಅವರು ಕೈಕಟ್ಟಿ ಕೂರಲಿಲ್ಲ. ಒಬ್ಬ ಕ್ರೈಸ್ತ, ಒಬ್ಬ ಮುಸಲ್ಮಾನ. ಇಬ್ಬರೂ ಒಂದೇ ಹಾಡಿನಲ್ಲಿ ‘ನನ್ನ ಗಲ್ಲಿ’ ಎಂದರು. ಸೌಹಾರ್ದದ ಕುರಿತು ನಾವು ವೇದಿಕೆಯ ಮೇಲೆ ಆಡುವ ಮಾತಿಗಿಂತ ಇದು ಕಡಿಮೆಯದೇನಲ್ಲ.

2019ರಲ್ಲಿ ಇವರಿಬ್ಬರ ಬದುಕಿನಿಂದ ಸ್ಫೂರ್ತಿ ಪಡೆದು ಜೋಯಾ ಅಖ್ತರ್ ಅವರ ‘ಗಲ್ಲಿ ಬಾಯ್’ ಚಲನಚಿತ್ರ ತೆರೆಕಂಡಿತು. ಅದೇ ವರ್ಷ ನ್ಯೂಯಾರ್ಕಿನ ಹೆಸರಾಂತ ರ‍್ಯಾಪ್ ಗಾಯಕ ನಾಸ್ ಅವರೊಡನೆ ‘ಎನ್‌ವೈ ಸೆ ಮುಂಬೈ’ ಹಾಡೂ ಹೊರಬಂದಿತು. ಗಲ್ಲಿಯ ದನಿ ಸಾಗರ ದಾಟಿತು.

ಹಾಗೆಂದು ಇಂಥ ಹಾಡುಗಳೆಲ್ಲವೂ ನಿರ್ದೋಷವೆಂದು ನಾವು ಹೇಳುತ್ತಿಲ್ಲ. ರ‍್ಯಾಪ್ ಲೋಕದಲ್ಲಿ ಬೈಗುಳವಿದೆ, ಹಣದ ಜಂಬವಿದೆ, ಸ್ತ್ರೀಯನ್ನು ಹಗುರವಾಗಿ ಕಾಣುವ ದೃಷ್ಟಿಯೂ ಇದೆ. ನಿನ್ನೆಯ ಬಡತನವನ್ನು ಹಾಡಿದವನೇ ಇಂದಿನ ಕಾರನ್ನು ಮೆರೆಸಿದರೆ ಕೇಳುವ ಹುಡುಗ ಕಲಿಯುವುದೇನು? ಸಂಗೀತದ ಆಕರ್ಷಣೆಯ ಕುರಿತು ಸಂತ ಅಗಸ್ಟೀನರೂ ಚಿಂತಿಸಿದ್ದರು. ಹಾಡಿದ ವಿಷಯಕ್ಕಿಂತ ಹಾಡುವ ದನಿಯೇ ತಮ್ಮನ್ನು ಹೆಚ್ಚು ಸೆಳೆದಾಗ ಅದನ್ನು ದೋಷವೆಂದೇ ಅವರು ಒಪ್ಪಿಕೊಂಡರು. ಆದರೂ ದೇವಾಲಯದಲ್ಲಿ ಹಾಡು ನಿಲ್ಲಬೇಕೆನ್ನಲಿಲ್ಲ. ರೂಪ ಬೇರೆ, ತಿರುಳು ಬೇರೆ. ತಾಳವನ್ನಲ್ಲ, ಮಾತಿನ ಸತ್ಯವನ್ನು ಒರೆಗೆ ಹಚ್ಚಬೇಕು.

ಡಿವೈನ್ ಅವರ ಮೂರು ಸಂಪುಟಗಳ ಹೆಸರನ್ನೇ ಗಮನಿಸಿ: 2019ರಲ್ಲಿ ‘ಕೋಹಿನೂರ್’, 2020ರಲ್ಲಿ ‘ಪುಣ್ಯ ಪಾಪ್’, 2022ರಲ್ಲಿ ‘ಗುನೆಹಗಾರ್’. ಮೊದಲು ವಜ್ರ, ಬಳಿಕ ಪುಣ್ಯಪಾಪಗಳ ತೂಕ, ಕೊನೆಗೆ ತಪ್ಪಿತಸ್ಥ. ಕೀರ್ತಿ ಏರಿದಂತೆಲ್ಲ ಹೆಸರು ಕೆಳಗಿಳಿದು ಬಂದಿದೆ. ಕವಿಯ ಉದ್ದೇಶವೇನಿದ್ದರೂ, ಪಾಪನಿವೇದನೆಯ ಪೀಠದ ಬಳಿ ಕುಳಿತು ಬಲ್ಲ ನಮಗೆ ಈ ಪದಗಳು ಅಪರಿಚಿತವಲ್ಲ. ಆ ಕೋಣೆಯೊಳಗಿನ ಹುಡುಗನೂ ಬಹುಶಃ ಇದೇ ತೂಕದಲ್ಲಿ ತನ್ನನ್ನು ಇಟ್ಟು ನೋಡುತ್ತಿರಬಹುದು. ಅವನ ಮಾತನ್ನು ಕೇಳುವವರು ಮನೆಯಲ್ಲಿ ಯಾರಿದ್ದಾರೆ?

ನಜರೇತಿನಂಥ ಊರಿನಿಂದ ಒಳಿತು ಬಂದೀತೆಂದು ನತಾನಿಯೇಲನು ನಂಬಲಿಲ್ಲ. ಫಿಲಿಪ್ಪನು ಅವನೊಡನೆ ವಾದಕ್ಕಿಳಿಯದೆ, ಬಂದು ನೋಡಲು ಕರೆದನು. ಪಾಲಕರಿಗೂ ನಮ್ಮ ವಿನಂತಿ ಇಷ್ಟೇ. ಈ ವಾರ ಬಾಗಿಲು ತಟ್ಟಿ, ಮಗನ ಪಕ್ಕದಲ್ಲಿ ಕುಳಿತು ಒಂದು ಹಾಡನ್ನು ಪೂರ್ತಿ ಕೇಳಿರಿ. ಯಾವ ಸಾಲು ನಿನಗೆ ಹಿಡಿಸಿತು, ಏಕೆ ಎಂದು ವಿಚಾರಿಸಿರಿ. ತಪ್ಪೆನಿಸಿದ್ದನ್ನು ಆಮೇಲೆ ತಿದ್ದಬಹುದು. ತನ್ನ ಮಾತಿಗೆ ಕಿವಿಗೊಟ್ಟ ತಂದೆತಾಯಿಯ ಮಾತಿಗೆ ಮಗನೂ ಕಿವಿಗೊಡುತ್ತಾನೆ.